ವಿಶ್ವದರ್ಜೆಯ ವಿಶ್ವವಿದ್ಯಾಲಯ ಕಟ್ಟುವುದು ಹೇಗೆ? ಜನ ಮೊದಲು, ಕಮಾನು ಕೊನೆಗೆ

ನಮ್ಮ ಕಡೆ ವಿಶ್ವವಿದ್ಯಾಲಯ ಹುಟ್ಟುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಮೊದಲು ಘೋಷಣೆ, ಹಿಂದೆಯೇ ಜಮೀನಿನ ಜಗ್ಗಾಟ, ಆಮೇಲೆ ಶಂಕುಸ್ಥಾಪನೆ, ದೊಡ್ಡದೊಂದು ಕಮಾನು, ಆಡಳಿತ ಭವನ. ಪಾಠ ಮಾಡುವವರು ಯಾರು ಅನ್ನುವ ಪ್ರಶ್ನೆ ಏಳುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ. ಅತಿಥಿ ಉಪನ್ಯಾಸಕರು ಬೇಕಾಗಿದ್ದಾರೆ ಅಂತ ಜಾಹೀರಾತು ಬರುತ್ತದೆ. 2023ರಲ್ಲಿ ಕರ್ನಾಟಕದಲ್ಲಿ ಒಟ್ಟಿಗೇ ಏಳು ಹೊಸ ವಿಶ್ವವಿದ್ಯಾಲಯಗಳು ಉದ್ಘಾಟನೆಯಾದವು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ಹೊಸದಾಗಿ ಬಂದವುಗಳ ಪೈಕಿ ಒಂಬತ್ತನ್ನು ಮುಚ್ಚಿಬಿಡೋಣ ಎಂದಿತು. ಕಾರಣ ಯಾರು ಬೇಕಾದರೂ ಊಹಿಸಬಹುದು: ಹಣ ಇಲ್ಲ, ಜಾಗ ಇಲ್ಲ, ಬೋಧಕರಿಲ್ಲ.

ಆ ಕ್ರಮವನ್ನು ತಲೆಕೆಳಗು ಮಾಡುವ ಧೈರ್ಯ ಇರುವವರಿಗೆ ಈ ಮಾರ್ಗದರ್ಶಿ. ನೀವು ಟ್ರಸ್ಟಿನ ಕಾರ್ಯದರ್ಶಿ ಇರಬಹುದು. ಮಠದ ಶಿಕ್ಷಣ ಸಂಸ್ಥೆ ನೋಡಿಕೊಳ್ಳುವವರಿರಬಹುದು. ಕಂಪನಿ ಮಾರಿ ಬಂದ ಹಣದಲ್ಲಿ ಏನಾದರೂ ಒಳ್ಳೆಯದು ಮಾಡೋಣ ಅಂದುಕೊಂಡವರಿರಬಹುದು. ಉದಾಹರಣೆಗೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಹಳಬರು ಈಗಲೂ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ನಮ್ಮಲ್ಲೇ ಇದೆ. ಅದು ಗೆದ್ದದ್ದೂ ಇದೆ, ಎಡವಿದ್ದೂ ಇದೆ. ಎರಡೂ ನಮಗೆ ಬೇಕು. ಅಲ್ಲಲ್ಲಿ ಅಮೆರಿಕ, ಕೊರಿಯಾಗಳ ಅನುಭವವನ್ನೂ ಸೇರಿಸಿಕೊಳ್ಳೋಣ.

ಹೆಜ್ಜೆ 1: ಇಪ್ಪತ್ತು ವರ್ಷದ ಕೆಲಸ ಅಂತ ಒಪ್ಪಿಕೊಳ್ಳಿ

ಜೆಮ್‌ಶೆಟ್‌ಜಿ ಟಾಟಾ ಈ ಸಂಸ್ಥೆಯ ಯೋಚನೆ ಮಾಡಿದ್ದು 1890ರ ದಶಕದಲ್ಲಿ. ಬರ್ಜೋರ್ಜಿ ಪಾದಶಾ ಎಂಬ ನಂಬಿಕಸ್ಥರನ್ನು ಯುರೋಪ್, ಅಮೆರಿಕಗಳ ವಿಶ್ವವಿದ್ಯಾಲಯ ನೋಡಿಕೊಂಡು ಬರಲು ಕಳಿಸಿದರು. 1898ರಲ್ಲಿ ಯೋಜನೆ ವೈಸರಾಯ್ ಕರ್ಜನ್ ಮುಂದೆ ಹೋಯಿತು. ಇಂಥ ಕಡೆ ಓದಲು ವಿದ್ಯಾರ್ಥಿಗಳು ಸಿಗುತ್ತಾರಾ, ಓದಿದವರಿಗೆ ಕೆಲಸ ಸಿಗುತ್ತದಾ ಎಂದು ಕರ್ಜನ್ ಕೇಳಿದರು. ಜಾಗ ಯಾವುದು ಎಂದು ಹೇಳಲು ಲಂಡನ್ನಿನಿಂದ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಬಂದರು, ಬೆಂಗಳೂರು ಎಂದರು. ಅದರ ಮೇಲೆ ಇನ್ನೊಂದು ಸಮಿತಿ ಕೂತಿತು. 1904ರಲ್ಲಿ ಟಾಟಾ ತೀರಿಕೊಂಡರು. ಮಕ್ಕಳು ಮಾತು ಉಳಿಸಿಕೊಂಡರು. ಸಂಸ್ಥೆಗೆ ಕಾನೂನಿನ ರೂಪ ಸಿಕ್ಕಿದ್ದು 1909ರಲ್ಲಿ. ಮೊದಲ ವಿದ್ಯಾರ್ಥಿಗಳು ಒಳಗೆ ಕಾಲಿಟ್ಟಿದ್ದು 1911ರಲ್ಲಿ.

ಅಂದರೆ ಬರೀ ಬಾಗಿಲು ತೆರೆಯಲು ಹದಿನೈದು ವರ್ಷ. ಹೆಸರು ಬರಲು ಇನ್ನೂ ಕೆಲವು ದಶಕ. ಇವತ್ತು ಇಷ್ಟು ನಿಧಾನ ಬೇಕಿಲ್ಲ, ನಿಜ. 1991ರಲ್ಲಿ ಶುರುವಾದ ಹಾಂಗ್‌ಕಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಬೇಗನೇ ಹೆಸರು ಮಾಡಿತು. ಆದರೆ ಅದರ ಬೆನ್ನಿಗೆ ಸರ್ಕಾರದ ಹಣ ಇತ್ತು. ಅಮೆರಿಕದಲ್ಲಿ ಪಳಗಿದ ಚೀನೀ ಮೂಲದ ವಿಜ್ಞಾನಿಗಳ ದೊಡ್ಡ ದಂಡೇ ಮರಳಿ ಬರಲು ಸಿದ್ಧವಿತ್ತು. ನಿಮಗೆ ಅವೆರಡೂ ಇಲ್ಲ ಅಂದರೆ ಇಪ್ಪತ್ತು ವರ್ಷ ಇಟ್ಟುಕೊಳ್ಳಿ. 'ಐದು ವರ್ಷದಲ್ಲಿ ಜಗತ್ತಿನ ಟಾಪ್ ನೂರರೊಳಗೆ' ಎನ್ನುವ ಸ್ಲೈಡ್ ತೋರಿಸುವ ಕನ್ಸಲ್ಟೆಂಟ್ ಬಂದರೆ ಕಾಫಿ ಕೊಟ್ಟು ಕಳಿಸಿ.

ಹೆಜ್ಜೆ 2: ದುಡ್ಡನ್ನು ಕೊಟ್ಟವರ ಕೈಯಿಂದ ಬಿಡಿಸಿ

ಟಾಟಾ ಕೊಟ್ಟಿದ್ದು ಮುಂಬೈಯ ಆಸ್ತಿಗಳು. ಆಗಿನ ಲೆಕ್ಕದಲ್ಲಿ ಸುಮಾರು 30 ಲಕ್ಷ ರೂಪಾಯಿ. ಅದರ ಬಾಡಿಗೆ, ಆದಾಯ ಸಂಸ್ಥೆಗೆ. ಮೈಸೂರು ಸಂಸ್ಥಾನ ಸುಮಾರು 371 ಎಕರೆ ಕೊಟ್ಟು, ಕಟ್ಟಡಕ್ಕೆ 5 ಲಕ್ಷ, ಮೇಲೆ ವರ್ಷಕ್ಕೆ 50 ಸಾವಿರ ಎಂದಿತು. ಭಾರತ ಸರ್ಕಾರದ್ದೂ ವರ್ಷದ ಪಾಲು ಇತ್ತು. ಇಲ್ಲಿ ಗಮನಿಸಬೇಕಾದ್ದು ಮೊತ್ತವನ್ನಲ್ಲ. ಮೂರು ಕಡೆಯಿಂದ ಹಣ ಬಂತು, ಮತ್ತು ಸಂಸ್ಥೆಗೆ ಟಾಟಾ ಹೆಸರನ್ನೇ ಇಡಲಿಲ್ಲ. ಹೆಸರು ಬೇಡ ಎಂದವರು ಅವರೇ.

ಹಣ ಒಬ್ಬರ ಕೈಯಲ್ಲೇ ಉಳಿದರೆ ಏನಾಗುತ್ತದೆ ಎಂದು ನೋಡಲು ಅಮೆರಿಕದ ವೂಸ್ಟರ್ ಊರಿಗೆ ಹೋಗಬೇಕು. ಅಲ್ಲಿನ ಕ್ಲಾರ್ಕ್ ವಿಶ್ವವಿದ್ಯಾಲಯ 1889ರಲ್ಲಿ ಬಾಗಿಲು ತೆರೆದಾಗ ಅಲ್ಲಿದ್ದ ಬೋಧಕರು ಭಾರೀ ಪ್ರತಿಭಾವಂತರು. ಮುಂದೆ ನೊಬೆಲ್ ಪಡೆದ ಮೈಕಲ್ಸನ್ ಅವರೂ ಒಬ್ಬರು. ದಾನಿ ಜೋನಸ್ ಕ್ಲಾರ್ಕ್ ಕೈ ಬಿಗಿ ಮಾಡಿದರು. ಅಧ್ಯಕ್ಷರಿಗೂ ಬೋಧಕರಿಗೂ ಮನಸ್ತಾಪ ಬೆಳೆಯಿತು. 1892ರಲ್ಲಿ ರಾಕ್‌ಫೆಲ್ಲರ್ ಹಣದ ಬಲದಿಂದ ಶಿಕಾಗೋ ವಿಶ್ವವಿದ್ಯಾಲಯ ಕಟ್ಟುತ್ತಿದ್ದ ವಿಲಿಯಂ ಹಾರ್ಪರ್ ವೂಸ್ಟರ್‌ಗೆ ಬಂದರು. ವಾಪಸ್ ಹೋಗುವಾಗ ಕ್ಲಾರ್ಕ್‌ನ ಬೋಧಕರಲ್ಲಿ ದೊಡ್ಡ ಪಾಲನ್ನು ಜೊತೆಗೆ ಕರೆದುಕೊಂಡು ಹೋದರು. ಶಿಕಾಗೋ ಹುಟ್ಟುವಾಗಲೇ ದೊಡ್ಡದಾಯಿತು. ಕ್ಲಾರ್ಕ್ ಆ ಏಟಿನಿಂದ ಮೊದಲಿನ ಎತ್ತರಕ್ಕೆ ಏಳಲೇ ಇಲ್ಲ.

ಇನ್ನೊಂದು ಪಾಠ ಬಾಲ್ಟಿಮೋರ್‌ನದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ದಾನಿ ಬಿಟ್ಟುಹೋದದ್ದು 35 ಲಕ್ಷ ಡಾಲರ್. ಹೆಚ್ಚಿನದೆಲ್ಲ ಒಂದೇ ರೈಲ್ವೆ ಕಂಪನಿಯ ಷೇರು. 1880ರ ದಶಕದ ಕೊನೆಗೆ ಆ ಕಂಪನಿ ಡಿವಿಡೆಂಡ್ ನಿಲ್ಲಿಸಿದಾಗ ವಿಶ್ವವಿದ್ಯಾಲಯದ ಉಸಿರು ಸಿಕ್ಕಿಕೊಂಡಿತು. ಆದ್ದರಿಂದ ನಿಮ್ಮ ಕಂಪನಿಯ ಷೇರನ್ನೇ ದತ್ತಿಯಾಗಿ ಬರೆದುಕೊಡಬೇಡಿ. ಮಾರಿ, ಹಣ ಮಾಡಿ, ಹಲವು ಕಡೆ ಹಾಕಿ, ಆಮೇಲೆ ಕೊಡಿ.

ಈಗ ಒಂದು ಕೈಲೆಕ್ಕ. ನಿಮ್ಮ ಬಳಿ 1000 ಕೋಟಿ ಇದೆ ಅನ್ನಿ. ಅಸಲು ಮುಟ್ಟದೆ, ಬೆಲೆಯೇರಿಕೆ ಸರಿದೂಗಿಸಿಕೊಂಡು, ವರ್ಷಕ್ಕೆ ಶೇ. 4ರಷ್ಟು ಖರ್ಚು ಮಾಡಬಹುದು. ಅಂದರೆ 40 ಕೋಟಿ. ಸಂಬಳ, ಲ್ಯಾಬ್, ಸಂಶೋಧನಾ ವಿದ್ಯಾರ್ಥಿಗಳು, ಕರೆಂಟ್ ಬಿಲ್ ಎಲ್ಲಾ ಸೇರಿ ಒಬ್ಬ ಪ್ರಾಧ್ಯಾಪಕರ ಹಿಂದೆ ಒಂದು ಕೋಟಿ ಇಟ್ಟರೆ 40 ಜನ ಆಗುತ್ತಾರೆ. ಇಷ್ಟೇನಾ ಅನಿಸುತ್ತದೆ ಅಲ್ವಾ? ಶುರುವಿಗೆ ಇಷ್ಟು ಸಾಕು. 40 ಜನರಿಗೆ ಆಗುವ ದುಡ್ಡಿನಲ್ಲಿ 400 ಜನರನ್ನು ಹಾಕಿಕೊಂಡರೆ ಅದು ಕಾಲೇಜಾಗುತ್ತದೆ, ಅಷ್ಟೇ.

ಹೆಜ್ಜೆ 3: ಯಾರ ಕೈಕೆಳಗೆ ಅನ್ನುವುದನ್ನು ಕಾಗದದ ಮೇಲೆ ತೀರ್ಮಾನ ಮಾಡಿ

ದಕ್ಷಿಣ ಕೊರಿಯಾದವರು ಈ ವಿಷಯದಲ್ಲಿ ಜಾಣರು. 1971ರಲ್ಲಿ ಇವತ್ತಿನ ಕೈಸ್ಟ್, ಅಂದರೆ ಅಲ್ಲಿನ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾಲಯ, ಶುರುಮಾಡುವಾಗ ಅದನ್ನು ಶಿಕ್ಷಣ ಸಚಿವಾಲಯದ ಕೆಳಗೆ ಇಡಲೇ ಇಲ್ಲ. ಬೇರೆ ಕಾನೂನು ಮಾಡಿ ವಿಜ್ಞಾನ ಸಚಿವಾಲಯಕ್ಕೆ ಕೊಟ್ಟರು. ಉಳಿದ ವಿಶ್ವವಿದ್ಯಾಲಯಗಳ ನಿಯಮ ಇದಕ್ಕೆ ತಗುಲಲಿಲ್ಲ. ಹಣ ಶುರುವಿನಲ್ಲಿ ಅಮೆರಿಕದ 60 ಲಕ್ಷ ಡಾಲರ್ ಸಾಲ. ಸ್ಟ್ಯಾನ್‌ಫರ್ಡ್‌ನ ಫ್ರೆಡ್ ಟರ್ಮನ್ ನೇತೃತ್ವದ ತಂಡ ಯೋಜನೆಗೆ ವರದಿ ಬರೆಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಗರು ಯಾಕೆ ವಿದೇಶಕ್ಕೆ ಹೋಗುತ್ತಾರೆ ಎಂದು ನೋಡಿದರು. ಕಡ್ಡಾಯ ಸೈನ್ಯ ಸೇವೆ ದೊಡ್ಡ ಕಾಟ ಎಂದು ಗೊತ್ತಾಯಿತು. ಇಲ್ಲಿ ಓದುವವರಿಗೆ ಅದರಿಂದ ವಿನಾಯಿತಿ ಕೊಟ್ಟರು. ನಿಮ್ಮ ಊರಿನ ಜಾಣರನ್ನು ಓಡಿಸುತ್ತಿರುವ ಕಾಟ ಯಾವುದು ಎಂದು ಹುಡುಕಿ. ಸಂಬಳವೇ ಇರಬೇಕೆಂದಿಲ್ಲ. ಗಂಡ-ಹೆಂಡತಿ ಇಬ್ಬರೂ ವಿಜ್ಞಾನಿಗಳಾಗಿದ್ದಾಗ ಒಬ್ಬರಿಗೇ ಕೆಲಸ ಕೊಡುವುದು, ಮಕ್ಕಳಿಗೆ ಹತ್ತಿರದಲ್ಲಿ ಸ್ಕೂಲಿಲ್ಲದಿರುವುದು, ಇಂಥವೇ ಜಾಸ್ತಿ.

ಆಮೇಲೆ ಮುಖ್ಯಸ್ಥರ ಅವಧಿ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಕುಲಪತಿಗೆ ನಾಲ್ಕು ವರ್ಷ. ಮೊದಲ ವರ್ಷ ಸನ್ಮಾನ, ಕೊನೆಯ ವರ್ಷ ಮುಂದಿನ ಹುದ್ದೆಯ ಚಿಂತೆ. ಹಾಪ್ಕಿನ್ಸ್‌ನ ಮೊದಲ ಅಧ್ಯಕ್ಷ ಗಿಲ್ಮನ್ ಇದ್ದದ್ದು 25 ವರ್ಷ. ಸತೀಶ್ ಧವನ್ 1962ರಿಂದ 1981ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 1972ರಲ್ಲಿ ಇಸ್ರೋ ಹೊಣೆ ವಹಿಸಿಕೊಳ್ಳಿ ಎಂದಾಗಲೂ ಇಲ್ಲಿನ ಕೆಲಸ ಬಿಡುವುದಿಲ್ಲ ಎಂಬ ಷರತ್ತು ಹಾಕಿದರು. ನಿಮ್ಮ ನಿಯಮಾವಳಿಯಲ್ಲಿ ಮೊದಲ ಮುಖ್ಯಸ್ಥರಿಗೆ ಕನಿಷ್ಠ ಹತ್ತು ವರ್ಷ ಸಿಗುವಂತೆ ಬರೆಯಿರಿ. ನಡುವೆ ಒಂದು ಪರಿಶೀಲನೆ ಇರಲಿ. ಆಡಳಿತ ಮಂಡಳಿಯಲ್ಲಿ ದಾನಿಯ ಮನೆಯವರು ಒಬ್ಬರಿಗಿಂತ ಹೆಚ್ಚು ಬೇಡ.

ಹೆಜ್ಜೆ 4: ಮೊದಲ ಹತ್ತು ಜನ

ಇದೇ ಇಡೀ ಕೆಲಸದ ತಿರುಳು. ಉಳಿದಿದ್ದೆಲ್ಲ ಇದಕ್ಕೆ ಒತ್ತಾಸೆ. ಯಾಕೆಂದರೆ ಮೊದಲ ಹತ್ತು ಜನ ತಮ್ಮಂಥವರನ್ನೇ ಮುಂದಿನ ನೂರು ಜನರನ್ನಾಗಿ ಆರಿಸುತ್ತಾರೆ. ಅಲ್ಲಿ ಸಾಧಾರಣದವರು ಬಂದು ಕೂತರೆ ಮೂವತ್ತು ವರ್ಷ ತೊಳೆಯಲಾಗುವುದಿಲ್ಲ.

1876ರಲ್ಲಿ ಗಿಲ್ಮನ್ ಆರಿಸಿದ್ದನ್ನು ನೋಡಿ. ಗಣಿತಕ್ಕೆ ಇಂಗ್ಲೆಂಡಿನ ಸಿಲ್ವೆಸ್ಟರ್. ವಯಸ್ಸು ಅರವತ್ತು ದಾಟಿತ್ತು, ಕೆಲಸದಿಂದ ನಿವೃತ್ತಿ ಮಾಡಿಸಿ ಕೂರಿಸಿದ್ದರು. ಯಹೂದಿ ಎಂಬ ಕಾರಣಕ್ಕೆ ಕೇಂಬ್ರಿಜ್‌ನಲ್ಲಿ ಬಹಳ ಕಾಲ ಪದವಿಯೇ ಸಿಕ್ಕಿರಲಿಲ್ಲ. ಭೌತಶಾಸ್ತ್ರಕ್ಕೆ ಹೆನ್ರಿ ರೋಲೆಂಡ್, ಇನ್ನೂ ಮೂವತ್ತೂ ಆಗದ ಹುಡುಗ. ಅಮೆರಿಕದ ಪತ್ರಿಕೆ ಅವರ ಲೇಖನ ತಿರಸ್ಕರಿಸಿತ್ತು. ಇಂಗ್ಲೆಂಡಿನಲ್ಲಿ ಮ್ಯಾಕ್ಸ್‌ವೆಲ್ ಅದನ್ನೇ ಮೆಚ್ಚಿ ಅಚ್ಚು ಮಾಡಿಸಿದರು. ಒಬ್ಬರು ಊರು ಬಿಟ್ಟ ಮುದುಕ, ಇನ್ನೊಬ್ಬರು ಊರಿಗೆ ಗೊತ್ತಿಲ್ಲದ ಹುಡುಗ. ನಡುವಯಸ್ಸಿನ, ನೆಮ್ಮದಿಯಾಗಿ ಕೂತ ದೊಡ್ಡ ಹೆಸರುಗಳ ಹಿಂದೆ ಗಿಲ್ಮನ್ ಬೀಳಲಿಲ್ಲ. ಜೊತೆಗೆ ವರ್ಷಕ್ಕೆ 500 ಡಾಲರಿನ ಇಪ್ಪತ್ತು ಫೆಲೋಶಿಪ್ ಇಟ್ಟರು. ಕಟ್ಟಡ? ಊರಿನಲ್ಲಿದ್ದ ಹಳೇ ಮನೆಗಳನ್ನೇ ತಕ್ಕಮಟ್ಟಿಗೆ ಸರಿಮಾಡಿಕೊಂಡರು.

ನಮ್ಮಲ್ಲಿ ಇಂಥ ಕಣ್ಣಿದ್ದವರು ಕಲ್ಕತ್ತ ವಿಶ್ವವಿದ್ಯಾಲಯದ ಅಶುತೋಷ್ ಮುಖರ್ಜಿ. ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, ಬಿಡುವಿನಲ್ಲಿ ಪ್ರಯೋಗ ಮಾಡುತ್ತಿದ್ದ ಸಿ.ವಿ. ರಾಮನ್ ಅವರನ್ನು 1917ರಲ್ಲಿ ಪ್ರಾಧ್ಯಾಪಕ ಹುದ್ದೆಗೆ ತಂದರು. ಮೈಸೂರಿನವರಿಗೂ ಕಣ್ಣಿತ್ತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ 1918ರಲ್ಲೇ ರಾಧಾಕೃಷ್ಣನ್ ಅವರನ್ನು ತತ್ವಶಾಸ್ತ್ರ ಕಲಿಸಲು ಕರೆಸಿಕೊಂಡಿತು. ಆಗ ಅವರಿಗೆ ಮೂವತ್ತರ ಆಸುಪಾಸು. ಮೂರೇ ವರ್ಷಕ್ಕೆ ಅದೇ ಅಶುತೋಷ್, ರಾಧಾಕೃಷ್ಣನ್ ಅವರನ್ನೂ ಕಲ್ಕತ್ತಕ್ಕೆ ಸೆಳೆದುಕೊಂಡರು. ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆದು ಸ್ಟೇಷನ್ನಿಗೆ ಬಿಟ್ಟುಬಂದ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ನನಗೇನೋ ಆ ಕಥೆಯಲ್ಲಿ ಮೈಸೂರಿನ ನಷ್ಟವೇ ಜಾಸ್ತಿ ಕಾಣುತ್ತದೆ.

ಆಯ್ಕೆ ಹೀಗೆ ಮಾಡಿ. ಜಾಹೀರಾತು ವರ್ಷವಿಡೀ ತೆರೆದಿರಲಿ. ಅರ್ಜಿ ಬಂದ ಮೇಲೆ ಆ ವಿಷಯದ ಆರೆಂಟು ಹೊರಗಿನ ತಜ್ಞರಿಗೆ ಪತ್ರ ಬರೆಯಿರಿ. ಅರ್ಧದಷ್ಟು ಜನ ಅಭ್ಯರ್ಥಿಯನ್ನು ಮುಖತಃ ಕಂಡೇ ಇರದವರಾಗಿರಲಿ. 'ಇವರು ಒಳ್ಳೆಯವರಾ' ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. 'ಇದೇ ವಯಸ್ಸಿನ, ಇದೇ ಕ್ಷೇತ್ರದ ಐವರ ಹೆಸರು ಹೇಳಿ, ಇವರು ಆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆ' ಎಂದು ಕೇಳಿ. ಆಮೇಲೆ ಎರಡು ದಿನ ಊರಿಗೆ ಕರೆಸಿ. ಒಂದು ಗಂಟೆ ಭಾಷಣ ಇರಲಿ, ಬಾಗಿಲು ತೆರೆದಿರಲಿ, ಮುಂದಿನ ಸಾಲಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಕೂರಲಿ. ಮಧ್ಯಾಹ್ನದ ಊಟ ಅದೇ ವಿದ್ಯಾರ್ಥಿಗಳ ಜೊತೆ, ಪ್ರಾಧ್ಯಾಪಕರಿಲ್ಲದೆ. ಅಭ್ಯರ್ಥಿ ಹುಡುಗರ ಕೆಲಸದ ಬಗ್ಗೆ ಕೇಳಿದರಾ, ಇಲ್ಲ ತಮ್ಮದನ್ನೇ ಹೇಳಿಕೊಂಡರಾ? ಊಟ ಮುಗಿಸಿ ಬಂದ ಹುಡುಗರು ಎರಡೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನಮ್ಮ ಮಾಮೂಲಿ ಹದಿನೈದು ನಿಮಿಷದ ಸಂದರ್ಶನದಲ್ಲಿ ಇದ್ಯಾವುದೂ ಹೊರಬರುವುದಿಲ್ಲ.

ಎರಡು ಕಟ್ಟುಪಾಡು ಬೇಕು. 'ನಮ್ಮ ಹುಡುಗ' ಅಂತ ಸ್ವಂತ ಪಿಎಚ್‌ಡಿಯವರನ್ನು ನೇರ ಕೆಲಸಕ್ಕೆ ಹಾಕಿಕೊಳ್ಳಬೇಡಿ, ಹೊರಗೆ ಮೂರ್ನಾಲ್ಕು ವರ್ಷ ದುಡಿದು ಬರಲಿ. ವಶೀಲಿ ಫೋನ್ ಬಂದರೆ, ಬಂತು ಎಂದು ಆಯ್ಕೆ ಸಮಿತಿಯ ನಡಾವಳಿಯಲ್ಲಿ ಬರೆಸಿ. ಎರಡನೇ ಫೋನ್ ಬರುವುದಿಲ್ಲ. ಸರಿಯಾದವರು ಸಿಗದಿದ್ದರೆ ಕಾಯಿರಿ. ಹಾಗಂತ ಮೀಸಲಾತಿ ರೋಸ್ಟರ್ ಲೆಕ್ಕ ಮುಗಿದಿಲ್ಲ ಎಂಬ ನೆಪದಲ್ಲಿ ವರ್ಷಗಟ್ಟಲೆ ಹುದ್ದೆ ಖಾಲಿ ಬಿಡುವುದನ್ನು ಕಾಯುವುದು ಎನ್ನಲಾಗದು. ಮೀಸಲು ಹುದ್ದೆಗಳಿಗೂ ಇದೇ ಹುಡುಕಾಟ, ಇದೇ ಕಾಳಜಿ ಬೇಕು.

ಧವನ್ ಕಾಲದ ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ವಿಭಾಗ ಮಾಡಿ ಜನರನ್ನು ಹುಡುಕುವುದಕ್ಕಿಂತ, ಜನ ಸಿಕ್ಕಾಗ ಅವರಿಗೊಂದು ವಿಭಾಗ ಮಾಡಿಕೊಡುವುದು. ಜಿ.ಎನ್. ರಾಮಚಂದ್ರನ್ ಮದ್ರಾಸಿನಿಂದ ಬಂದರು, 1971ರಲ್ಲಿ ಮಾಲಿಕ್ಯುಲಾರ್ ಬಯೋಫಿಸಿಕ್ಸ್ ಘಟಕ ಹುಟ್ಟಿತು. ಸಿ.ಎನ್.ಆರ್. ರಾವ್ 1976ರಲ್ಲಿ ಕಾನ್ಪುರದಿಂದ ಬಂದರು, ಘನಸ್ಥಿತಿ ರಸಾಯನಶಾಸ್ತ್ರಕ್ಕೆ ಘಟಕ ಆಯಿತು. ಮಾಧವ ಗಾಡ್ಗೀಳ್ ಬಂದ ಮೇಲೆ ಪರಿಸರ ವಿಜ್ಞಾನ ಬೆಳೆಯಿತು.

ಹೆಜ್ಜೆ 5: ಪರ್ಚೇಸ್ ಕಡತವನ್ನು ನೀವೇ ಒಮ್ಮೆ ಹಿಂಬಾಲಿಸಿ

ಒಳ್ಳೆಯವರು ಬಿಟ್ಟು ಹೋಗುವುದು ಸಂಬಳಕ್ಕಲ್ಲ, ಕಡತಕ್ಕೆ. ಹೊಸದಾಗಿ ಸೇರಿದ ಜೀವಶಾಸ್ತ್ರದವರಿಗೆ ಒಂದು ಮೈಕ್ರೋಸ್ಕೋಪ್ ಬೇಕು ಅನ್ನಿ. ಇಂಡೆಂಟ್ ಬರೆಯುತ್ತಾರೆ. ವಿಭಾಗದ ಮುಖ್ಯಸ್ಥರ ಸಹಿ, ಸ್ಟೋರ್ಸ್‌ನ ಸಹಿ, ಖರೀದಿ ಸಮಿತಿಯ ದಿನಾಂಕ. ಸಮಿತಿಯಲ್ಲಿ ಒಬ್ಬರು ರಜೆ, ಸಭೆ ಮುಂದಕ್ಕೆ. ಟೆಂಡರ್ ಹೋಗುತ್ತದೆ. ಮೂರು ಬಿಡ್ ಬರಲಿಲ್ಲ ಎಂದು ಮರು ಟೆಂಡರ್. ಕಡೆಗೆ ಎಲ್-ಒನ್, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದವರು, ಕೊಡುವ ಯಂತ್ರದಲ್ಲಿ ಇವರಿಗೆ ಬೇಕಾದ ಲೆನ್ಸೇ ಇಲ್ಲ. ಆಡಿಟ್ ಆಕ್ಷೇಪಣೆಯ ಹೆದರಿಕೆಗೆ ಯಾರೂ ಹಾಗಂತ ಟಿಪ್ಪಣಿ ಬರೆಯುವುದಿಲ್ಲ. ಯಂತ್ರ ಬರುತ್ತದೆ, ಇಡುವ ಕೋಣೆಗೆ ಎ.ಸಿ. ಆಗಿರುವುದಿಲ್ಲ. ಎ.ಸಿ. ಹಾಕಿದ ಮೇಲೆ ಯುಪಿಎಸ್‌ಗೆ ಬೇರೆ ಕಡತ. ಅಷ್ಟರಲ್ಲಿ ಜರ್ಮನಿಯ ಇನ್ನೊಂದು ಲ್ಯಾಬ್ ಅದೇ ಪ್ರಯೋಗ ಮುಗಿಸಿ ಪ್ರಕಟಿಸಿರುತ್ತದೆ.

ಆದ್ದರಿಂದ ಸೇರಿದ ದಿನವೇ ಒಂದು ಮೊತ್ತ ಅವರ ಹೆಸರಿನಲ್ಲಿ ಇರಲಿ, ಒಂದು ಮಿತಿಯವರೆಗೆ ಅವರ ಒಂದೇ ಸಹಿ ಸಾಕು ಎನ್ನಿ. ತಾಂತ್ರಿಕ ಗುಣವನ್ನು ತೂಗಿದ ಮೇಲೆ ಬೆಲೆ ನೋಡುವ ಪದ್ಧತಿ ತನ್ನಿ. ಯಂತ್ರದ ಜೊತೆಗೇ ಐದು ವರ್ಷದ ನಿರ್ವಹಣಾ ಒಪ್ಪಂದ (ಎಎಂಸಿ) ಸೇರಿಸಿ. ದುಬಾರಿ ಯಂತ್ರಗಳನ್ನು ಒಂದೇ ಕಡೆ ಇಟ್ಟು, ಓಡಿಸಲು ಕಾಯಂ ತಂತ್ರಜ್ಞರನ್ನು ನೇಮಿಸಿ, ಅವರಿಗೂ ಬಡ್ತಿಯ ದಾರಿ ಇರಲಿ. ಈ ಕೊನೆಯ ಮಾತನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ.

ಹೆಜ್ಜೆ 6: ವಿದ್ಯಾರ್ಥಿಗಳು ಕಡಿಮೆ ಇರಲಿ, ಸ್ಟೈಪೆಂಡ್ ತಪ್ಪದಿರಲಿ

ಶುಲ್ಕದ ಆಸೆಗೆ ಮೊದಲ ವರ್ಷವೇ ಸಾವಿರ ಸೀಟು ತೆರೆಯಬೇಡಿ. ವಿಜ್ಞಾನ ಸಂಸ್ಥೆ ನಾಲ್ಕು ವರ್ಷದ ಪದವಿ ಕೋರ್ಸ್ ಶುರುಮಾಡಿದ್ದು 2011ರಲ್ಲಿ, ಹುಟ್ಟಿ ನೂರು ವರ್ಷ ಕಳೆದ ಮೇಲೆ. ಪಿಎಚ್‌ಡಿಯವರಿಗೆ ತಿಂಗಳ ಒಂದನೇ ತಾರೀಖು ಹಣ ಖಾತೆಗೆ ಬೀಳಬೇಕು. ಅನುದಾನ ಬರಲಿಲ್ಲ ಎನ್ನುವ ಸಬೂಬು ಅವರ ಪಿಜಿ ಮಾಲೀಕರ ಹತ್ತಿರ ನಡೆಯುವುದಿಲ್ಲ.

ಹೆಜ್ಜೆ 7: ಒಳಜಗಳಕ್ಕೆ ಮೊದಲೇ ತಯಾರಾಗಿ

ರಾಮನ್ 1933ರಲ್ಲಿ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಭೌತಶಾಸ್ತ್ರ ವಿಭಾಗ ಶುರುಮಾಡಿದರು. ಅದೇ ಹೊತ್ತಿಗೆ ಹಿಟ್ಲರ್ ಕಾಟಕ್ಕೆ ಜರ್ಮನಿಯ ದೊಡ್ಡ ದೊಡ್ಡ ವಿಜ್ಞಾನಿಗಳು ಕೆಲಸ ಕಳೆದುಕೊಂಡಿದ್ದರು. ಅವರನ್ನು ಬೆಂಗಳೂರಿಗೆ ತರಬಹುದು ಎಂದು ರಾಮನ್‌ಗೆ ಹೊಳೆಯಿತು. ಮ್ಯಾಕ್ಸ್ ಬಾರ್ನ್ 1935ರಲ್ಲಿ ಬಂದು ಆರು ತಿಂಗಳಷ್ಟು ಇದ್ದರು. ಕಾಯಂ ಮಾಡೋಣ ಎಂದು ರಾಮನ್ ಹೊರಟಾಗ, ಬೋಧಕರ ಸಭೆಯಲ್ಲಿ ಇಂಗ್ಲೆಂಡ್ ಮೂಲದ ಪ್ರಾಧ್ಯಾಪಕರೊಬ್ಬರು ಎದ್ದು, ತನ್ನ ದೇಶದಿಂದ ಹೊರಹಾಕಿಸಿಕೊಂಡ ಎರಡನೇ ದರ್ಜೆಯ ಮನುಷ್ಯ ಇವರು ಎನ್ನುವಂತೆ ಮಾತಾಡಿದರು. ಬಾರ್ನ್ ಎದುರಿನಲ್ಲೇ. ಅವರು ಎಡಿನ್‌ಬರಗೆ ಹೋದರು. 1954ರಲ್ಲಿ ನೊಬೆಲ್ ಬಂತು.

ತಪ್ಪು ಒಂದೇ ಕಡೆಯದಲ್ಲ. ರಾಮನ್ ಭೌತಶಾಸ್ತ್ರಕ್ಕೆ ಹಣ ತಿರುಗಿಸುತ್ತಿದ್ದಾರೆ ಎಂದು ರಸಾಯನಶಾಸ್ತ್ರದವರಿಗೆ ಸಿಟ್ಟಿತ್ತು. ಎದುರಿನವರನ್ನು ಒಲಿಸಿಕೊಳ್ಳುವ ತಾಳ್ಮೆ ರಾಮನ್‌ಗೆ ಇರಲಿಲ್ಲ. ವಿಚಾರಣಾ ಸಮಿತಿ ಬಂತು, 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಟ್ಟರು. ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಇಂಥ ನಷ್ಟ ತಪ್ಪಿಸಬೇಕಾದರೆ ಹೊಸಬರಿಗೆ ಹಣ ಹಳಬರ ಪಾಲಿನಿಂದ ಹೋಗಬಾರದು. ಅದಕ್ಕೆಂದೇ ಮುಖ್ಯಸ್ಥರ ಕೈಯಲ್ಲಿ ಬೇರೆ ನಿಧಿ ಇರಲಿ. ದೊಡ್ಡ ವಿಜ್ಞಾನಿಯೇ ಒಳ್ಳೆಯ ಆಡಳಿತಗಾರ ಆಗುತ್ತಾರೆ ಎನ್ನುವ ನಂಬಿಕೆಯನ್ನೂ ಸ್ವಲ್ಪ ಪಕ್ಕಕ್ಕಿಡಿ.

ಹೆಜ್ಜೆ 8: ಊರಿನ ನಂಟು

ವಿಶ್ವದರ್ಜೆ ಎಂದರೆ ಕಾಂಪೌಂಡಿನ ಆಚೆಗೆ ಬೆನ್ನು ತಿರುಗಿಸುವುದು ಎಂದು ಕೆಲವರು ಅಂದುಕೊಂಡಿದ್ದಾರೆ. 1974ರಲ್ಲಿ ಅಮೂಲ್ಯ ರೆಡ್ಡಿ ವಿಜ್ಞಾನ ಸಂಸ್ಥೆಯಲ್ಲಿ, ಹಳ್ಳಿಗಳಿಗೆ ವಿಜ್ಞಾನ-ತಂತ್ರಜ್ಞಾನ ಒಯ್ಯುವ 'ಅಸ್ತ್ರ' ಕೇಂದ್ರ ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಕೂತು ಕೆಲಸ ಮಾಡಿದರು. ಕಡಿಮೆ ಸೌದೆ, ಕಡಿಮೆ ಹೊಗೆಯ ಅಸ್ತ್ರ ಒಲೆ ಅಲ್ಲಿಂದ ಬಂದದ್ದು. ಸೌದೆ ಹೇಗೆ ಉರಿಯುತ್ತದೆ ಎನ್ನುವುದೂ ಸುಲಭದ ವಿಜ್ಞಾನ ಅಲ್ಲ. ಮೈಸೂರಿನ ಪ್ರಾಧ್ಯಾಪಕರು ಹಳ್ಳಿ ಹಳ್ಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟರು, ಅವೇ ಪುಸ್ತಕಗಳಾದವು. ಇಂಥ ಕೆಲಸವನ್ನು ಬಡ್ತಿಯ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ.

ರ್ಯಾಂಕಿಂಗ್ ಬಗ್ಗೆ ಎರಡು ಮಾತು

2003ರಲ್ಲಿ ಶುರುವಾದ ಶಾಂಘೈ ಪಟ್ಟಿಯಲ್ಲಿ ನೊಬೆಲ್, ಫೀಲ್ಡ್ಸ್ ಪದಕಗಳಿಗೇ ಶೇ. 30 ಅಂಕ. ಹೊಸ ವಿಶ್ವವಿದ್ಯಾಲಯಕ್ಕೆ ಅದು ಸಿಗುವುದು ಎಂದು? ಇನ್ನು ಕೆಲವು ಪಟ್ಟಿಗಳಲ್ಲಿ ದೊಡ್ಡ ಪಾಲು ಹೆಸರಿಗೆ, ಅಂದರೆ ಹಳೆಯವರಿಗೆ. ಅಂಕ ಹೆಚ್ಚಿಸಲು ತಿಂಗಳಿಗೆ ಇಷ್ಟು ಲೇಖನ ಬರೆಯಿರಿ ಎಂದು ಸುತ್ತೋಲೆ ಹೊರಡಿಸಿದರೆ ದುಡ್ಡು ಕೊಟ್ಟು ಅಚ್ಚಾಗುವ ಪತ್ರಿಕೆಗಳಿಗೆ ಹಬ್ಬ. ಮೊದಲ ಹತ್ತು ವರ್ಷ ಯಾವ ಪಟ್ಟಿಗೂ ಅರ್ಜಿ ಹಾಕಬೇಡಿ. ಸರ್ಕಾರ ಕೇಳುವ ಅಂಕಿಅಂಶ ಮಾತ್ರ ಕೊಡಿ, ಸಾಕು.

ಹೆಜ್ಜೆ 9: ಹೊರಗಿನವರನ್ನು ಕರೆದು ಬೈಸಿಕೊಳ್ಳಿ

ವಿಜ್ಞಾನ ಸಂಸ್ಥೆಗೆ 1921ರಲ್ಲಿ ಪೋಪ್ ಸಮಿತಿ ಬಂತು, ಸುಮಾರು ಹತ್ತು ವರ್ಷಕ್ಕೆ ಸೀವೆಲ್ ಸಮಿತಿ, 1936ರಲ್ಲಿ ಅರ್ವಿನ್ ಸಮಿತಿ. ಬಂದವರೆಲ್ಲ ಹೊಗಳಿ ಹೋಗಲಿಲ್ಲ. ನೀವೂ ಪ್ರತಿ ಏಳು ವರ್ಷಕ್ಕೆ ಐದಾರು ಜನ ಹೊರಗಿನವರನ್ನು ಕರೆಸಿ. ಒಂದು ವಾರ ಇರಲಿ. ಮುಖ್ಯಸ್ಥರಿಲ್ಲದೆ ಕಿರಿಯ ಬೋಧಕರ ಜೊತೆ, ಲ್ಯಾಬ್ ಸಿಬ್ಬಂದಿ ಜೊತೆ, ಹಾಸ್ಟೆಲ್ಲಿನಲ್ಲಿ ಮಾತಾಡಲಿ. ವರದಿಯನ್ನು ತಿದ್ದದೆ ಪ್ರಕಟಿಸಿ. ಯಾವ ವಿಭಾಗ ಸೊರಗಿದೆ ಎನ್ನುವುದು ಅದರಲ್ಲಿ ಹೆಸರು ಸಮೇತ ಇರಬೇಕು. ಒಂದೆರಡನ್ನು ಮುಚ್ಚಬೇಕಾಗಿ ಬರಬಹುದು. ಹಾಗಾದರೆ ಹೊಸ ಪ್ರವೇಶ ಅದೇ ವರ್ಷ ನಿಲ್ಲಿಸಿ. ಈಗಿರುವ ಪಿಎಚ್‌ಡಿ ವಿದ್ಯಾರ್ಥಿಗಳ ಗೈಡ್ ಮತ್ತು ಸ್ಟೈಪೆಂಡನ್ನು ಕೊನೆಯ ಪ್ರಬಂಧ ಸಲ್ಲಿಕೆಯಾಗುವ ತನಕ ಉಳಿಸಿ. ಖಾಲಿಯಾದ ಹುದ್ದೆಗಳನ್ನು ಮುಖ್ಯಸ್ಥರ ನಿಧಿಗೆ ಸೇರಿಸಿ, ಮತ್ತೆ ಜಾಹೀರಾತು ಕೊಡಿ.